ಮಿಲ್ಟ್‌ನ ಸೀಟು

"ಮೂವತ್ತಾರು ವರ್ಷದ ಹುಡುಗ ಕಣೋ ಅವನು! ಅವನನ್ನ ಕೋಚ್ ಮಾಡಿ ನಮ್ಮ ಫುಟ್‌ಬಾಲ್ ತಂಡ ಕೊಡೋದಾ?" ಡೆನ್ನಿ ಪ್ರೂಸಾಕ್ ಮೇಜು ಗುದ್ದಿದ ರಭಸಕ್ಕೆ ಮೂರು ಲೋಟದ ಕಾಫಿಯೂ ತುಳುಕಿತು. "ನಮ್ಮಲ್ಲಿ ಚೆಂಡು ಒದೆಯೋನೇ ಅವನಿಗಿಂತ ಎರಡು ವರ್ಷ ದೊಡ್ಡೋನು. ಅವನು ಇವನ ಮಾತು ಕೇಳ್ತಾನಾ?"

"ದೊಡ್ಡೋರನ್ನ ತಂದು ಏನು ಕಡಿದು ಕಟ್ಟೆ ಹಾಕಿದ್ವಿ?" ಹೆಕ್ಟರ್ ರೊಸಾರಿಯೊ ಮೀಸೆಗೆ ಮೆತ್ತಿದ್ದ ಡೋನಟ್ಟಿನ ಸಕ್ಕರೆ ಒರೆಸಿಕೊಂಡ. "ಈಗ ಮನೆಗೆ ಕಳಿಸಿದ್ರಲ್ಲ, ಆ ಮಹಾನುಭಾವನಿಗೆ ಅರವತ್ತೆರಡು. ಹದಿನೇಳು ಆಟದಲ್ಲಿ ನಾಲ್ಕು ಗೆದ್ದ. ನಿನ್ನ ಟಾಲಿವರ್ ಅವನ ಅಣ್ಣ ಇದ್ದ ಹಾಗೆ. ನನ್ನ ಬ್ರೆನೆಕೆ ಈಗಿರೋ ತಂಡದಲ್ಲಿ ಆಕ್ರಮಣ ನೋಡಿಕೊಳ್ಳೋ ಕೋಆರ್ಡಿನೇಟರ್ ಆಗಿ ಎಷ್ಟು ಪಾಯಿಂಟ್ ಹಾಕ್ಸಿದ ನೋಡಿದೀಯಾ?"

"ಚೆಂಡು ಎಸೆಯೋಕೆ ಅಂಥ ಕ್ವಾರ್ಟರ್‌ಬ್ಯಾಕ್ ಕೊಟ್ಟಿದ್ರೆ ನಾನೂ ಹಾಕ್ಸ್ತಿದ್ದೆ, ಸುಮ್ನಿರಪ್ಪ." ಡೆನ್ನಿ ಈ ಕಡೆ ತಿರುಗಿದ. "ವೆಂಡೆಲ್, ನೀನು ಹೇಳೋ. ಹದಿನೇಳು ಆಟಾನೂ ಕಣ್ಣು ಮಿಟುಕಿಸದೆ ನೋಡೋನು ನೀನೊಬ್ಬನೇ."

ವೆಂಡೆಲ್ ಕೊವಾಚ್ ಗೋಡೆ ಗಡಿಯಾರದ ಕಡೆ ನೋಡಿದ. ಹನ್ನೆರಡಕ್ಕೆ ಹತ್ತು ನಿಮಿಷ. ಹನ್ನೆರಡೂವರೆಗೆ ಅವನು ಎದ್ದು ಹೋಗಲೇಬೇಕಿತ್ತು. "ತಡಿ, ಯೋಚನೆ ಮಾಡ್ತಿದೀನಿ," ಎಂದು ಕಾಫಿ ಗುಟುಕರಿಸಿದ.

ನಿಜ ಹೇಳಬೇಕೆಂದರೆ ಸೆಪ್ಟೆಂಬರಿನಿಂದ ಈಚೆಗೆ ಅವನು ಒಂದು ಆಟವನ್ನೂ ನೋಡಿರಲಿಲ್ಲ.

ಅದು ಹೇಗಾಯಿತೆಂದು ಅವನಿಗೇ ಸರಿಯಾಗಿ ಗೊತ್ತಿಲ್ಲ. ಒಂದು ಭಾನುವಾರ ಟಿ.ವಿ. ಮುಂದೆ ಕೂತಿದ್ದ. ನಮ್ಮವರು ಚೆಂಡು ಕೈಬಿಟ್ಟರು, ಎದುರಾಳಿ ಎತ್ತಿಕೊಂಡು ಓಡಿದ. ನಲವತ್ತು ವರ್ಷ ಇಂಥ ಗಳಿಗೆಯಲ್ಲಿ ಕುರ್ಚಿಯಿಂದ ನೆಗೆದು ಬಯ್ಯುತ್ತಿದ್ದವನು ಅಂದು ಸುಮ್ಮನೆ ಕೂತೇ ಇದ್ದ. ಸಿಟ್ಟು ಬರಲಿಲ್ಲ. ಬರಬಹುದೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಟಿ.ವಿ. ಆರಿಸಿ, ಮಂಡಿ ನೋವಿಗೆ ಈಜು ಒಳ್ಳೆಯದೆಂದು ಡಾಕ್ಟರು ಹೇಳಿದ್ದು ನೆನಪಾಗಿ ವೈಎಂಸಿಎ ಈಜುಕೊಳಕ್ಕೆ ಹೋದ. ಭಾನುವಾರ ಒಂದು ಗಂಟೆಗೆ ಲೋರೇನ್ ಊರಿನ ಜನರೆಲ್ಲ ಟಿ.ವಿ. ಮುಂದಿರುತ್ತಾರೆ. ಕೊಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಲಗಿ ತೇಲಿದರೆ ಕಿವಿ ನೀರೊಳಗೆ ಇಳಿದು ಲೋಕದ ಗದ್ದಲವೆಲ್ಲ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಹೆಂಡತಿ ಆರ್ಲೀನ್ ಬಿಟ್ಟು ಹೋಗಿ ಹನ್ನೊಂದು ವರ್ಷ ಒಂಟಿಯಾಗಿದ್ದವನಿಗೆ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಅಂದಿನಿಂದ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಇವತ್ತೂ ಭಾನುವಾರ, ಹನ್ನೆರಡೂವರೆಗೆ ಹೊರಡಬೇಕಿದ್ದದ್ದು ಅಲ್ಲಿಗೇ.

ಅವನು ಸಿಕ್ಕಿಬೀಳದಿರಲು ಡೆನ್ನಿಯೇ ಕಾರಣ. ಆರು ವರ್ಷದ ಹಿಂದೆ ಡೆನ್ನಿಯ ಮನೆಯಲ್ಲಿ ಎಲ್ಲರೂ ಸೇರಿ ಆಟ ನೋಡುತ್ತಿದ್ದಾಗ, ವೆಂಡೆಲ್ ಸೋಫಾದ ಮೇಲೆ ಕೂತ ಕೂಡಲೇ ಎದುರಾಳಿಗಳು ಪಾಯಿಂಟ್ ಹೊಡೆದರು. ಎದ್ದು ಅಡುಗೆಮನೆಗೆ ಹೋದರೆ ನಮ್ಮವರು ಹೊಡೆದರು. ಮೂರು ಸಲ ಹೀಗಾದ ಮೇಲೆ ಡೆನ್ನಿ ಅವನ ಕೋಟು ತಂದು ಕೈಗಿಟ್ಟು, "ನೀನು ಅಪಶಕುನ ಕಣಪ್ಪ, ಮನೆಗೆ ಹೋಗಿ ಒಬ್ಬನೇ ನೋಡು," ಎಂದ. ಇದನ್ನು ಯಾರೂ ತಮಾಷೆಯೆಂದುಕೊಳ್ಳಲಿಲ್ಲ, ವೆಂಡೆಲ್ ಕೂಡ. ಅಲ್ಲಿಂದ ಅವನು ಒಬ್ಬನೇ ನೋಡುವವನು ಎಂದಾಯಿತು. ಈ ವರ್ಷ ಮಾತ್ರ ಸೋಮವಾರ ಬೆಳಿಗ್ಗೆ ಕಾರಿನಲ್ಲಿ ರೇಡಿಯೋ ಹಾಕಿಕೊಂಡು, ಯಾರು ಎಲ್ಲಿ ಎಡವಿದರು, ಯಾವ ಕೋಆರ್ಡಿನೇಟರನ ಲೆಕ್ಕಾಚಾರ ಕೈಕೊಟ್ಟಿತು ಎಂದು ಬಾಯಿಪಾಠ ಮಾಡಿಕೊಂಡು ಈ ಡೋನಟ್ ಅಂಗಡಿಗೆ ಬರುತ್ತಿದ್ದ.

ಬಾಯಿ ಬಿಟ್ಟು ಹೇಳಿಬಿಡಬಹುದಿತ್ತಲ್ಲ ಎಂದರೆ, ಹೇಳಿದ ಮೇಲೆ ಇವರೊಂದಿಗೆ ಇನ್ನೇನು ಮಾತಾಡುವುದು? ಹೆಕ್ಟರನ ಮಗಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಡೆನ್ನಿಗೆ ಹೃದಯದ ಆಪರೇಷನ್ ಆದಾಗಲೂ ಇವರು ಮಾತಾಡಿದ್ದು ರಕ್ಷಣೆಯ ಕೋಆರ್ಡಿನೇಟರ್ ಸ್ಟಾಕ್‌ನ ಬಗ್ಗೆ. ಇಪ್ಪತ್ತು ವರ್ಷದ ಸ್ನೇಹ ನಿಂತಿದ್ದೇ ಇದರ ಮೇಲೆ. ಇದನ್ನು ತೆಗೆದರೆ ವಾರದ ಏಳು ಬೆಳಗೂ ಅವನು ಅಡುಗೆಮನೆಯ ಗೋಡೆ ನೋಡಿಕೊಂಡು ಕೂರಬೇಕಿತ್ತು.

"ಮಿಲ್ಟ್ ಇರಬೇಕಿತ್ತು," ಹೆಕ್ಟರ್ ನಿಟ್ಟುಸಿರುಬಿಟ್ಟ. "ಮಾಲೀಕ ಇಲ್ಲದೆ ಸಂದರ್ಶನ ಮಾಡೋದು ಹೇಗೆ?"

ಕೋಚನ್ನು ತೆಗೆದಾಗಲೆಲ್ಲ ಈ ಮೇಜಿನಲ್ಲಿ ಸಂದರ್ಶನ ನಡೆಯುವುದು ರೂಢಿ. ಒಂಬತ್ತು ವರ್ಷದಲ್ಲಿ ಇದು ಐದನೆಯದು. ಒಬ್ಬೊಬ್ಬರು ಒಬ್ಬೊಬ್ಬ ಅಭ್ಯರ್ಥಿಯ ಪರ ವಾದ ಮಾಡಬೇಕು. ಅವನು ಜೊತೆಗೆ ಯಾವ ಕೋಆರ್ಡಿನೇಟರುಗಳನ್ನು ಕರೆತರುತ್ತಾನೆ, ಇದ್ದವರಲ್ಲಿ ಯಾರ ಗಂಟುಮೂಟೆ ಕಟ್ಟಿಸುತ್ತಾನೆ, ಎಲ್ಲವನ್ನೂ ಹೇಳಬೇಕು. ತಂಡದ ಮಾಲೀಕನ ಪಾತ್ರ ಮಾತ್ರ ಯಾವತ್ತೂ ಮಿಲ್ಟ್‌ನದು. ಸ್ಟೇಡಿಯಮ್ಮಿನಲ್ಲಿ ವರ್ಷಪೂರ್ತಿಯ ಸೀಟು ಇದ್ದದ್ದು ಅವನಿಗೂ ಪಕ್ಕದ ಸೀಟಿನ ಡೆನ್ನಿಗೂ ಮಾತ್ರ. ಡೆನ್ನಿಯನ್ನು ಮಾಲೀಕನನ್ನಾಗಿ ಮಾಡಿದರೆ ಬೇರೆ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಮಿಲ್ಟ್ ನವೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.

ಹನ್ನೆರಡೂ ಕಾಲಿಗೆ ಅಂಗಡಿಯ ಬಾಗಿಲು ತೆರೆದು ಮಿಲ್ಟ್‌ನ ಹೆಂಡತಿ ಲೊರೆಟ್ಟಾ ಒಳಗೆ ಬಂದಳು. ಅಂತ್ಯಕ್ರಿಯೆಯಾದ ಮೇಲೆ ಆಕೆಯನ್ನು ಯಾರೂ ನೋಡಿರಲಿಲ್ಲ. ಮೂವರೂ ತಡಬಡಾಯಿಸಿ ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಾನೇನು ಪಾದ್ರೀನಾ?" ಆಕೆ ಟೋಪಿಯ ಮೇಲಿನ ಹಿಮ ಕೊಡವಿದಳು. "ಹೊಸ ಕೋಚ್ ಯಾರು ಅಂತ ತೀರ್ಮಾನ ಆಯ್ತಾ? ಆಗಿರಲ್ಲ ಬಿಡಿ. ನಾನು ಬಂದಿದ್ದು ವೆಂಡೆಲ್ ಹತ್ರ."

ವೆಂಡೆಲ್ ಕಣ್ಣು ತಪ್ಪಿಸಿದ. ಆಕೆಯ ಮುಖ ನೋಡಿದರೆ ಅವನಿಗೆ ನೆನಪಾಗುತ್ತಿದ್ದದ್ದು ಆಸ್ಪತ್ರೆಯ ಆ ಸಂಜೆ. ಅಕ್ಟೋಬರಿನ ಒಂದು ಭಾನುವಾರ ಕೊಳದಿಂದ ನೇರ ಮಿಲ್ಟ್‌ನನ್ನು ನೋಡಲು ಹೋಗಿದ್ದ. ಆಟ ಯಾರು ಗೆದ್ದರೆಂದೂ ಗೊತ್ತಿರಲಿಲ್ಲ. ಮಿಲ್ಟ್ ಕಣ್ಣು ತೆರೆದು, "ಹೇಳಪ್ಪ, ಆಟ ಹೆಂಗಿತ್ತು?" ಎಂದ. ವೆಂಡೆಲ್ ಹೇಳಿದ. ಕೊನೆಯ ಎರಡು ನಿಮಿಷ, ಎದುರಾಳಿಗಳು ನಮ್ಮ ಗೋಲು ಗೆರೆಗೆ ಎರಡೇ ಗಜ ದೂರ, ನಾಲ್ಕು ಸಲ ನುಗ್ಗಿದರು, ನಾಲ್ಕು ಸಲವೂ ನಮ್ಮ ಹುಡುಗರು ಒಂದಿಂಚು ಬಿಡಲಿಲ್ಲ, ಸ್ಟಾಕ್ ಗಡಿಗೆರೆಯ ಆಚೆ ಕುಣಿದಾಡಿಬಿಟ್ಟ ಎಂದೆಲ್ಲ ಹೇಳಿದ. ಮಿಲ್ಟ್ ಕಣ್ಣು ಮುಚ್ಚಿ ನಗುತ್ತಾ ಕೇಳಿದ. ಹೊರಗೆ ಬಂದು ಕಾರಿನ ರೇಡಿಯೋ ಹಾಕಿದರೆ ನಮ್ಮವರು ಮೂವತ್ತೊಂದು ಪಾಯಿಂಟಿನಿಂದ ಸೋತಿದ್ದರು. ಸಾಯುತ್ತಿರುವವನಿಗೆ ಸುಳ್ಳು ಹೇಳಿದೆನಲ್ಲ ಎಂದು ಅವನಿಗೆ ಎಷ್ಟೋ ದಿನ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಲೊರೆಟ್ಟಾ ಚೀಲದಿಂದ ಫೋನು ತೆಗೆದಳು. "ಮಿಲ್ಟ್‌ನ ಸೀಟು ನಿನ್ನ ಹೆಸರಿಗೆ ಮಾಡಿಸಿದೀನಿ. ಮುಂದಿನ ವರ್ಷಕ್ಕೂ ಅವನು ದುಡ್ಡು ಕಟ್ಟೇ ಹೋಗಿದ್ದ. ಇಲ್ಲೊಂದು ಹಸಿರು ಗುಂಡಿ ಇದೆ, ನೀನು ಒತ್ತಿದ್ರೆ ಆಯ್ತಂತೆ."

ಡೆನ್ನಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಸೀಟಿಗಾಗಿ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ. "ಲೋ ವೆಂಡೆಲ್! ನನ್ನ ಪಕ್ಕಾನೇ ಕಣೋ! ಭಾನುವಾರ ಭಾನುವಾರ ನಾನೂ ನೀನೂ! ಊರಾಚೆ ಆಟ ಇದ್ದಾಗ ನಮ್ಮನೇಲೇ ನೋಡೋಣ."

"ನಾನು ಅಪಶಕುನ ಅಲ್ವಾ?" ವೆಂಡೆಲ್ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಅದನ್ನೇ ಹಿಡಿದ. "ನಾನು ಬಂದು ಕೂತ್ರೆ..."

"ಆರು ವರ್ಷ ನಿನ್ನ ಹೊರಗಿಟ್ಟೂ ಸೋತಿದ್ದೀವಲ್ಲೋ. ಅಪಶಕುನ ನೀನಲ್ಲ, ತಂಡ ಕೊಂಡಿರೋ ಆ ಮಾಲೀಕ. ಆ ಮಾತು ವಾಪಸ್ ತಗೊಂಡಿದೀನಿ, ಹೋಗು."

"ಹೆಕ್ಟರ್‌ಗೆ ಕೊಡಿ, ಲೊರೆಟ್ಟಾ. ಅವನಿಗೆ ಮೊಮ್ಮಕ್ಕಳಿದಾರೆ, ಕರ್ಕೊಂಡು ಹೋಗ್ತಾನೆ."

"ಹೆಕ್ಟರ್‌ಗೆ ಕೊಡು ಅಂತ ಮಿಲ್ಟ್ ಹೇಳಲಿಲ್ಲ. ನಿನಗೆ ಕೊಡು ಅಂದ. ಕೊನೇ ವಾರದಲ್ಲಿ ಎರಡು ಸಲ ಅಂದ."

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎಂದು ವೆಂಡೆಲ್‌ಗೆ ಅನಿಸಿತು. ಎರಡೂ ಕೈಯನ್ನು ಮೇಜಿನ ಮೇಲೆ ಊರಿ, ತಲೆ ತಗ್ಗಿಸಿ, ಒಂದೇ ಉಸಿರಿಗೆ ಹೇಳಿದ: "ಲೊರೆಟ್ಟಾ, ಅವತ್ತು ಆಸ್ಪತ್ರೇಲಿ ನಾನು ಹೇಳಿದ್ದು ಸುಳ್ಳು. ಆ ಆಟ ನಾನು ನೋಡೇ ಇರಲಿಲ್ಲ."

ಕೌಂಟರಿನಾಚೆ ಕಾಫಿ ಯಂತ್ರ ಬುಸುಗುಟ್ಟಿತು. ಇನ್ನೇನು ಬಯ್ಗುಳ ಬೀಳುತ್ತದೆ, ಆಮೇಲೆ ಎದ್ದು ಹೋಗಬಹುದು ಎಂದು ವೆಂಡೆಲ್ ಕಾದ. ಹೆದರಿಕೆಯ ಜೊತೆಗೆ ಹಗುರವೂ ಆಗಿತ್ತು.

ಲೊರೆಟ್ಟಾ ಅವನ ಕೈ ಮೇಲೆ ಕೈಯಿಟ್ಟಳು.

"ಗೊತ್ತಪ್ಪ," ಎಂದಳು. "ಮಿಲ್ಟ್‌ಗೂ ಗೊತ್ತಿತ್ತು. ನರ್ಸಮ್ಮ ಒಂದು ಪುಟ್ಟ ರೇಡಿಯೋ ಕೊಟ್ಟಿದ್ಲು, ಅವತ್ತಿನ ಆಟ ಪೂರ್ತಿ ಕೇಳಿದ್ದ. ಎಷ್ಟು ಸಂಕಟಪಟ್ಟಿದ್ದ ಗೊತ್ತಾ, ಮೂವತ್ತೊಂದು ಪಾಯಿಂಟು! ಆಮೇಲೆ ನೀನು ಬಂದೆ. ನೀನು ಹೋದ ಮೇಲೆ ನಗ್ತಾ ನಗ್ತಾ ಕಣ್ಣೀರು ಹಾಕ್ದ. 'ನೋಡೇ ಲೊರೆಟ್ಟಾ, ನನಗೋಸ್ಕರ ಒಂದು ಆಟಾನೇ ಹುಟ್ಟಿಸಿಬಿಟ್ಟ ಈ ಮಾರಾಯ. ಇವನಷ್ಟು ಈ ತಂಡಾನ ಪ್ರೀತಿ ಮಾಡೋನು ಯಾರಿದಾನೆ? ನನ್ನ ಸೀಟು ಇವನಿಗೇ,' ಅಂದ. ಅದಕ್ಕೇ ಕಣಪ್ಪ ಕೊಡ್ತಿರೋದು."

ಹೆಕ್ಟರ್ ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡ. ಡೆನ್ನಿ ವೆಂಡೆಲ್‌ನ ಬೆನ್ನಿಗೆ ಎರಡು ಸಲ ಗುದ್ದಿದ. ಅವನ ಗುದ್ದು ಯಾವಾಗಲೂ ನೋಯುತ್ತದೆ.

'ಆ ಆಟ ಮಾತ್ರ ಅಲ್ಲ, ಒಂದೂ ನೋಡಿಲ್ಲ. ನನಗೆ ಬೇಡ ಇದು.' ಮಾತು ವೆಂಡೆಲ್‌ನ ನಾಲಿಗೆಯ ತುದಿಗೆ ಬಂದಿತ್ತು. ತಲೆಯೆತ್ತಿ ಲೊರೆಟ್ಟಾಳ ಮುಖ ನೋಡಿದ. ಎರಡು ತಿಂಗಳಲ್ಲಿ ಆಕೆ ಹತ್ತು ವರ್ಷ ಕುಗ್ಗಿದ್ದಳು, ಆದರೂ ಈಗ ಕಣ್ಣಲ್ಲಿ ಒಂದಿಷ್ಟು ಬೆಳಕಿತ್ತು. ಗಂಡ ಹೇಳಿಹೋದ ಕೆಲಸ ಮುಗಿಸಿದ ನೆಮ್ಮದಿ ಅದು. ಅದನ್ನು ಊದಿ ಆರಿಸುವುದು ಅವನ ಕೈಲಾಗಲಿಲ್ಲ. ಆಕೆ ಫೋನು ಮುಂದೆ ಹಿಡಿದಳು. ಅವನು ಹಸಿರು ಗುಂಡಿ ಒತ್ತಿದ.

"ಇನ್ನು ಮಾಲೀಕನ ಜಾಗಕ್ಕೆ ಬಾ," ಎಂದು ಹೆಕ್ಟರ್ ಅವನನ್ನು ಎಬ್ಬಿಸಿ, ಬೆಂಚಿನ ಒಳಗಡೆ, ಗೋಡೆಗೆ ತಾಗಿದ ಮೂಲೆಗೆ ತಳ್ಳಿದ. ಲೊರೆಟ್ಟಾ ಅವನ ಪಕ್ಕ ಕೂತು ಬೂಟು ಸಡಿಲಿಸಿಕೊಂಡಳು. ಆಕೆಯ ಪಕ್ಕ ಹೆಕ್ಟರ್ ಕೂತ. ಎದುರಿನ ಬೆಂಚಿನಲ್ಲಿ ಡೆನ್ನಿ ಕಾಲು ಚಾಚಿದ. "ಸ್ವಾಮಿ, ಅಭ್ಯರ್ಥಿಗಳು ಕಾದಿದ್ದಾರೆ," ಎಂದ ಡೆನ್ನಿ. "ಟಾಲಿವರೋ, ಈ ಮೀಸೆ ಚಿಗುರದ ಬ್ರೆನೆಕೆಯೋ?"

"ಸ್ವಲ್ಪ ಜಾಗ ಬಿಡ್ತೀರಾ?" ಎಂದ ವೆಂಡೆಲ್.

ಲೊರೆಟ್ಟಾ ಬೂಟಿಗಾಗಿ ಬಗ್ಗಿದಳು. ಹೆಕ್ಟರ್ ಅರ್ಧ ಎದ್ದ. "ಎಲ್ಲಿಗಪ್ಪ?" ಎಂದು ಆಕೆ ಕೇಳಿದಳು.

"ಎಲ್ಲಿಗೂ ಇಲ್ಲ. ಕೂತ್ಕೊಳ್ಳಿ."

ಅವನು ಗಂಟಲು ಸರಿಮಾಡಿಕೊಂಡ. ಬ್ರೆನೆಕೆ ಬರಲಿ, ಆದರೆ ಒಂದು ಷರತ್ತು, ಎಂದ. ಸ್ಟಾಕ್‌ನನ್ನು ತೆಗೆಯಕೂಡದು. ಆಕ್ರಮಣ ಗೊತ್ತಿರುವ ಹುಡುಗನಿಗೆ ರಕ್ಷಣೆ ನೋಡಿಕೊಳ್ಳುವ ಹಳೇ ತಲೆ ಜೊತೆಗಿರಬೇಕು, ಇಲ್ಲದಿದ್ದರೆ ಮೂರನೇ ಆಟಕ್ಕೇ ಎಲ್ಲ ಕುಸಿಯುತ್ತದೆ. ಮಾತು ತಾನಾಗಿ ಬರುತ್ತಿತ್ತು. ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಡೆನ್ನಿಯೂ ಅಡ್ಡಬಾಯಿ ಹಾಕಲಿಲ್ಲ. "ನೋಡಿದ್ಯಾ," ಎಂದ ಹೆಕ್ಟರ್, "ಇದಕ್ಕೇ ಮಿಲ್ಟ್ ಅಷ್ಟು ಹೇಳಿದ್ದು."

ಒಂದು ಗಂಟೆಗೆ ಕೌಂಟರಿನ ಹುಡುಗಿ ಮೂಲೆಯ ಟಿ.ವಿ. ಹಾಕಿದಳು. ಎಲ್ಲೋ ದೂರದ ಊರಿನ ಪ್ಲೇಆಫ್ ಆಟ, ಇವರಿಗೆ ಸಂಬಂಧವಿಲ್ಲದ ಎರಡು ತಂಡಗಳು. ಡೆನ್ನಿ ಇನ್ನೊಂದು ಸುತ್ತು ಕಾಫಿ ಹೇಳಿದ. ಲೊರೆಟ್ಟಾ ಒಂದು ಡೋನಟ್ಟನ್ನು ಮುರಿದು ಅರ್ಧ ವೆಂಡೆಲ್‌ನ ಮುಂದಿಟ್ಟಳು. ತೆರೆಯ ಮೇಲೆ ಹಸಿರು ಅಂಗಣ, ಸಾಲಾಗಿ ನಿಂತ ಆಟಗಾರರು, ಒದೆಯುವವನು ನಾಲ್ಕು ಹೆಜ್ಜೆ ಓಡಿಬಂದ. ಚೆಂಡು ಮೇಲಕ್ಕೆ ಹಾರಿತು. ಮೂವರ ಜೊತೆ ವೆಂಡೆಲ್ ಕೂಡ ಕತ್ತೆತ್ತಿದ.