ಟ್ಯಾಪೆಟ್ಟಿನ ಸಂದು

ನನ್ನ ತಮ್ಮ ಹೋದ ಸುದ್ದಿ ಬಂದಾಗ ನಾನು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆ. ಫೋನಿನಲ್ಲಿ ಅವನ ಮಗಳು, "ದೊಡ್ಡಪ್ಪ, ಅಪ್ಪ ಅಂಗಡೀಲಿ ಬಿದ್ರಂತೆ. ಆಸ್ಪತ್ರೆಗೆ ಒಯ್ಯೋಷ್ಟರಲ್ಲಿ ಹೋಗ್ಬಿಟ್ರು" ಎಂದಳು.

"ಯಾವ ಅಂಗಡಿ?" ಎಂದು ಕೇಳಿದೆ.

"ಕಾರಿನ ಸಾಮಾನಿನ ಅಂಗಡಿ."

"ಏನು ತರೋಕೆ ಹೋಗಿದ್ದ?"

ಅಂಥ ಹೊತ್ತಿನಲ್ಲಿ ಮನೆಯ ಹಿರಿಯನು ಕೇಳಬೇಕಾದ ಮಾತು ಅದಲ್ಲ. ಬಾಯಿಗೆ ಬಂದದ್ದು ಅದೇ. ಫೋನು ಕೆಳಗಿಟ್ಟ ಮೇಲೆ ತಟ್ಟೆಯಲ್ಲಿದ್ದುದನ್ನು ಉಂಡೆನೋ ಬಿಟ್ಟೆನೋ ಈಗಲೂ ನೆನಪಿಲ್ಲ.

ಅವನ ಮನೆಯ ಶೆಡ್ಡಿನಲ್ಲಿ ಕಾರು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಅದು ನಮ್ಮ ತಂದೆಯ ಕಾರು, ಆಮೇಲೆ ಅವನದಾಯಿತು. ಎಂಜಿನ್ನಿನ ಮೇಲ್ಮುಚ್ಚಳ ಬಿಚ್ಚಿ ಹಳೆಯ ಪೇಪರಿನ ಮೇಲೆ ಮಗುಚಿಟ್ಟಿದ್ದ. ಎಣ್ಣೆ ಸೋರದಂತೆ ಅದರ ಅಂಚಿಗೆ ಕೂರಿಸುವ ಪ್ಯಾಕಿಂಗು ಹರಿದಿತ್ತು. ಅಂಗಡಿಗೆ ಹೋದದ್ದು ಹೊಸ ಪ್ಯಾಕಿಂಗ್ ತರಲು. ಟ್ಯಾಪೆಟ್ ಸರಿಮಾಡುವ ಕೆಲಸ ಹಿಡಿದಿದ್ದನೆಂದು ನೋಡಿದ ಕೂಡಲೇ ತಿಳಿಯಿತು. ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಎಂಜಿನ್ನು ಟಿಕಟಿಕ ಎನ್ನುತ್ತದೆ. ಸಂದೇ ಇಲ್ಲವೆಂದರೆ ವಾಲ್ವು ಸುಟ್ಟು ಹೋಗುತ್ತದೆ. ತೆಳ್ಳಗಿನ ಉಕ್ಕಿನ ಎಲೆಗಳ ಗೇಜನ್ನು ತೂರಿಸಿ ಅದನ್ನು ಅಳೆಯುವುದನ್ನು ತಂದೆಯವರು ನಮ್ಮಿಬ್ಬರಿಗೂ ಕಲಿಸಿದ್ದರು. ಒದ್ದೆ ಬೆರಳಿನಿಂದ ಉಂಗುರ ಕಳಚಿದ ಹಾಗೆ ಎಲೆ ಈಚೆಗೆ ಬರಬೇಕು ಎನ್ನುತ್ತಿದ್ದರು.

ಕ್ರಿಯೆಗಳು ಮುಗಿದು ನೆಂಟರು ಹೊರಟ ಮೇಲೆ ತಮ್ಮನ ಹೆಂಡತಿ ನನ್ನೆದುರು ಬಂದು ಕುಳಿತಳು.

"ಭಾವ, ಒಂದು ಕೇಳ್ತೀನಿ. ಮುಚ್ಚುಮರೆ ಮಾಡ್ದೆ ಹೇಳಿ. ಅಂಗಡಿಯವನು ಹೇಳಿದ್ದು ಕೇಳಿದ್ರಲ್ಲ?"

ಕೇಳಿದ್ದೆ. ನನ್ನ ತಮ್ಮ ಅಂಗಡಿಯ ಕೌಂಟರಿನ ಮೇಲೆ ಎರಡೂ ಕೈ ಊರಿ, "ಅದು ಕೊಡಪ್ಪ, ಅದು" ಎನ್ನುತ್ತಾ ನಿಂತನಂತೆ. ಏನು ಬೇಕೆಂದು ಹೇಳಲು ಆಗಲಿಲ್ಲವಂತೆ. ಅಂಗಡಿಯವನು ತಮಾಷೆ ಎಂದುಕೊಂಡು, "ನಾನೇನು ಮದುವೆಯಾದ ತಾರೀಖು ಕೇಳಿದ್ನಾ ಯಜಮಾನ್ರೇ, ಇಷ್ಟು ಯೋಚ್ನೆ ಮಾಡ್ತಿದೀರಲ್ಲ" ಎಂದನಂತೆ. ಅಷ್ಟರಲ್ಲಿ ಇವನು ಕುಸಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು. ಯಾವಾಗ ಶುರುವಾಯಿತೋ ಹೇಳಲಾರೆವು ಎಂದರು.

"ಬೆಳಿಗ್ಗೆಯಿಂದ್ಲೇ ಅವರ ತಲೆ ಸರಿ ಇರ್ಲಿಲ್ವಾ? ಅದು ಗೊತ್ತಾಗ್ದೆ ನಾನು ಬೈದೆ ಭಾವ. ಬಾಗಿಲಿಗೆಲ್ಲ ಎಣ್ಣೆ ಕೈ ಹಚ್ಚಿದೀರಿ, ಹೋಗಿ ಅದೇನು ಬೇಕೋ ತಂದು ಇವತ್ತೇ ಮುಗಿಸಿ, ಇಲ್ಲ ಅದನ್ನ ಗುಜರಿಗೆ ಹಾಕಿ ಅಂದೆ. ಹುಷಾರಿಲ್ಲದವರನ್ನ ಮಲಗಿಸೋದು ಬಿಟ್ಟು ನಾನೇ ಬಿಸಿಲಿಗೆ ಅಟ್ಟಿದ್ನಾ?"

ಅವಳು ಶೆಡ್ಡಿನ ಕಡೆ ಕೈ ತೋರಿಸಿದಳು.

"ಅವರು ಮಾಡಿದ ಕೆಲ್ಸ ಅಲ್ಲೇ ಇದೆ. ನಿಮಗೂ ಬರತ್ತಲ್ಲ. ಸರಿಯಾಗಿ ಮಾಡಿದಾರಾ ನೋಡಿ ಹೇಳಿ. ತಲೆ ಕೆಟ್ಟವರ ಕೈಯಲ್ಲಿ ಆ ಕೆಲ್ಸ ಆಗಲ್ಲ."

ಶೆಡ್ಡಿಗೆ ಹೋದೆ. ಅವನ ಮಗಳು, ಶಾಲೆಯಲ್ಲಿ ಪಾಠ ಹೇಳುವವಳು, ಜೊತೆಗೆ ಬಂದು ಫ್ಯಾನ್ ಬೆಲ್ಟು ಹಿಡಿದು ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದಳು. ವಾಲ್ವು ಪೂರ್ತಿ ಮುಚ್ಚಿದಾಗಲೇ ಅದರ ಸಂದು ಅಳೆಯಬೇಕು. ನನಗೋ ಯಾವುದು ಮುಚ್ಚಿತು ಯಾವುದು ತೆರೆಯಿತು ಎಂಬುದೇ ಬಗೆಹರಿಯದು. ಎಣಿಕೆ ತಪ್ಪುವುದು, ಮತ್ತೆ ಮೊದಲಿಂದ ಹಿಡಿಯುವುದು.

"ದೊಡ್ಡಪ್ಪ, ಇದನ್ನ ಆಗ್ಲೇ ನೋಡಿದ್ರಿ."

"ಇಲ್ಲಮ್ಮ, ಅದು ಪಕ್ಕದ್ದು."

"ಪಕ್ಕದ್ದನ್ನೂ ನೋಡಿದ್ರಿ. ನನ್ನ ಕ್ಲಾಸಲ್ಲಿದ್ದಿದ್ರೆ ನಿಮ್ಮನ್ನ ಹಿಂದಿನ ಬೆಂಚಿಗೆ ಕಳಿಸ್ತಿದ್ದೆ."

ಯಾರೋ ಮಾತಾಡಿಸಲು ಬಂದರೆಂದು ಅವಳು ಒಳಗೆ ಹೋದಳು. ಒಬ್ಬನೇ ಉಳಿದೆ. ಮೊದಲನೆಯ ಸಂದಿಗೆ ಗೇಜಿನ ಎಲೆ ತೂರಿಸಲು ನೋಡಿದೆ, ಹೋಗಲಿಲ್ಲ. ಎರಡನೆಯದಕ್ಕೂ ಹೋಗಲಿಲ್ಲ. ಮೂರನೆಯದೂ ಹಾಗೆಯೇ. ಎಲ್ಲವೂ ಬಿಗಿ. ಕಣ್ಣು ಮುಚ್ಚಿ ಮಾಡಿದರೂ ತಪ್ಪದ ಕೆಲಸದಲ್ಲಿ ನನ್ನ ತಮ್ಮ ಹೀಗೆ ಮಾಡಿದನೇ? ಹಾಗಾದರೆ ಬೆಳಿಗ್ಗೆಯೇ ಅವನ ಬುದ್ಧಿ ಮಸುಕಾಗಿತ್ತು. ಒಬ್ಬನೇ ಇಲ್ಲಿ ನಿಂತು, ಏನು ಮಾಡುತ್ತಿದ್ದೇನೆಂದು ತಿಳಿಯದೆ ಸ್ಪ್ಯಾನರು ತಿರುಗಿಸಿದ್ದ.

ಎಲ್ಲವನ್ನೂ ಸರಿಮಾಡಿ, ಅವನು ಸರಿಯಾಗಿಯೇ ಮಾಡಿದ್ದ ಎಂದು ಹೇಳಿಬಿಡುವುದೆಂದು ನಿಶ್ಚಯಿಸಿದೆ. ಸುಳ್ಳು ಪಾಪವೆಂದು ಚಿಕ್ಕಂದಿನಿಂದ ನಂಬಿದವನು ನಾನು. ಈ ಒಂದನ್ನು ದೇವರು ನನ್ನ ಮೇಲೆಯೇ ಹಾಕಲಿ, ಆ ಹೆಣ್ಣುಮಗಳು ನೆಮ್ಮದಿಯಾಗಿರಲಿ ಎಂದುಕೊಂಡು ಒಂದೊಂದೇ ನಟ್ಟು ಸಡಿಲಿಸಿ, ಎಲೆ ಹೋಗುವಷ್ಟು ಸಂದು ಬಿಟ್ಟು, ಮತ್ತೆ ಬಿಗಿದೆ. ಕೊನೆಯ ಎರಡು ಉಳಿದಿದ್ದವು. ಅಷ್ಟರಲ್ಲಿ ತಮ್ಮನ ಹೆಂಡತಿ ಚಹಾ ತಂದಳು. ಲೋಟ ಹಿಡಿದುಕೊಂಡೇ ಸ್ವಲ್ಪ ಹೊತ್ತು ನನ್ನ ಕೈಯನ್ನು ನೋಡಿದಳು.

"ನೀವು ಎಲೆ ಒರೆಸೋದೇ ಇಲ್ವಲ್ಲ ಭಾವ."

"ಯಾವ ಎಲೆ?"

"ಅದೇ, ಅದು. ಅವರು ಪ್ರತಿ ಸಲ ಅಂಗಿ ತೋಳಿಗೆ ಒರೆಸಿ ಬೆಳಕಿಗೆ ಹಿಡಿದು ನೋಡೋರು. ಬಟ್ಟೆ ಕೊಟ್ರೆ ಬೇಡ, ತೋಳೇ ಆಗ್ಬೇಕು. ಎಷ್ಟು ಅಂಗಿ ಹಾಳು ಮಾಡಿದಾರೆ ಅಂತೀರಿ."

ಅವಳ ಮಾತಿಗೆ ಮರ್ಯಾದೆ ಕೊಟ್ಟು ಎಲೆಯನ್ನು ಬಟ್ಟೆಯಿಂದ ಒರೆಸಿದೆ. ಉಜ್ಜುತ್ತಿದ್ದಂತೆ ಅದು ಎರಡಾಯಿತು. ಒಂದು ಎಲೆಯ ಬೆನ್ನಿಗೆ ಇನ್ನೊಂದು ತೆಳ್ಳನೆಯದು ಎಣ್ಣೆಯಲ್ಲಿ ಅಂಟಿಕೊಂಡಿತ್ತು. ಇಷ್ಟು ಹೊತ್ತೂ ಎರಡನ್ನು ಒಂದೆಂದು ತಿಳಿದು ಅಳೆದಿದ್ದೆ; ಎಲ್ಲವೂ ಬಿಗಿ ಎನಿಸಿದ್ದು ಅದಕ್ಕೇ.

ಮಡ್‌ಗಾರ್ಡಿಗೆ ಒರಗಿದೆ. ತಪ್ಪು ಮಾಡಿದವನು ಅವನಲ್ಲ. ಅವನ ಕೈ ಕಡೆಯ ಸಲ ಮಾಡಿದ್ದ ಕೆಲಸವನ್ನು ನಾನೇ ಒಂದೊಂದಾಗಿ ಕೆಡಿಸಿದ್ದೆ. ಸುಳ್ಳು ಹೇಳಲು ಹೊರಟದ್ದನ್ನೂ ಸೇರಿಸಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಅರ್ಧ ಅರ್ಥವಾಯಿತು.

"ಕೆಡಿಸದೆ ಏನಾದ್ರೂ ಉಳಿಸಿದೀರಾ?"

ಕೊನೆಯ ಸಿಲಿಂಡರಿನ ಎರಡು ಉಳಿದಿದ್ದವು. ಒರೆಸಿದ ಒಂಟಿ ಎಲೆಯನ್ನು ಅವಳ ಕೈಗೇ ಕೊಟ್ಟೆ. ತೂರಿಸಿದಳು; ಹೋಯಿತು. ಈಚೆಗೆ ಎಳೆದಳು. ಇನ್ನೊಂದಕ್ಕೂ ತೂರಿಸಿ ಎಳೆದಳು.

"ಬಿಡ್ತಾ ಇದೆ," ಎಂದಳು. "ಆದ್ರೆ ಹಿಡ್ಕೊಳ್ತಾನೂ ಇದೆ."

"ಹಾಗೇ ಇರಬೇಕಮ್ಮ."

ಅವಳು ಎಲೆಯನ್ನು ಇನ್ನೂ ಕೆಲವು ಸಲ ಹಾಕಿ ತೆಗೆದಳು. ಆಮೇಲೆ, "ಹಾಗಾದ್ರೆ ನಾನು ಬೈದದ್ದು ಅವರಿಗೆ ಪೂರ್ತಿ ಅರ್ಥ ಆಗಿರತ್ತೆ" ಎಂದಳು.

"ಏನಂದ ಅದಕ್ಕೆ?"

"ನಿನ್ನ ಟ್ಯಾಪೆಟ್ಟೂ ಸ್ವಲ್ಪ ಸದ್ದು ಮಾಡ್ತಿದೆ ಕಣೇ, ಬಂದ್ಮೇಲೆ ನೋಡ್ತೀನಿ ಅಂದ್ರು. ಮುಖದಲ್ಲಿ ನಗೂನೇ ಇರ್ಲಿಲ್ಲ. ಆಗ್ಲೇ ಏನೇನೋ ಮಾತಾಡ್ತಿದ್ರೇನೋ ಅಂತ ಇಷ್ಟು ದಿನ ಸಂಕಟಪಟ್ಟೆ."

"ಅವನು ಯಾವಾಗ ನಕ್ಕು ತಮಾಷೆ ಮಾಡಿದಾನೆ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ.

ನಾನು ಕೆಡಿಸಿದವನ್ನು ಒಂದೊಂದಾಗಿ ಮತ್ತೆ ಬಿಗಿಮಾಡಿದೆ, ಪ್ರತಿ ಸಲವೂ ಎಲೆ ಒರೆಸಿ. ಕೊನೆಯ ಎರಡರ ಮೇಲೆ ಸ್ಪ್ಯಾನರು ಇಡಲಿಲ್ಲ. ಈ ಶೆಡ್ಡಿಗೂ ಆ ಅಂಗಡಿಗೂ ನಡುವಿನ ದಾರಿಯಲ್ಲಿ ಅವನಿಗೆ ಏನಾಯಿತು, ಬೇಕಾದ ವಸ್ತುವಿನ ಹೆಸರು ಎಲ್ಲಿ ಕಳೆದುಹೋಯಿತು, ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ.

ದೇವರೇ, ಅದು ನಿನಗೆ ಗೊತ್ತು. ಅದು ಕೊಡು ಅದು ಕೊಡು ಎಂದು ಹೆಸರು ಹೇಳಲಾರದೆ ನಿಂತವನು ನನ್ನ ತಮ್ಮ. ನಿನ್ನೆದುರು ಬಂದು ನಿಂತಾಗಲೂ ಅವನಿಗೆ ಕೇಳಲು ಬಾರದಿದ್ದರೆ, ಕೇಳಿಸಿಕೊಳ್ಳಲು ಕಾಯಬೇಡ. ಅವನಿಗೆ ಬೇಕಾದುದನ್ನು ನೀನೇ ತಿಳಿದು ಕೊಡು. ಅವನ ಜೀವಕ್ಕೆ ಶಾಂತಿ ಕೊಡು.