ಹರಳಿನೊಳಗಿನ ನೆರೆಹೊರೆ

ಶವಪೆಟ್ಟಿಗೆ ಬಾಗಿಲಲ್ಲಿ ಓರೆಯಾಗಿ ಸಿಕ್ಕಿಕೊಂಡಿತ್ತು. "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ!" ಎಂದು ಹರಳಮ್ಮ ಕೂಗಿದಳು. ಪ್ರಯೋಗಾಲಯಕ್ಕೆ ಹರಳು ಬೆಳೆಸಿಕೊಡುವ ಅವಳಿಗೆ ಜೊತೆಯವರು ಇಟ್ಟ ಹೆಸರು ಅದು. ಪೆಟ್ಟಿಗೆಯೊಳಗೆ ಮಲಗಿದ್ದವರು ಆ ಪ್ರಯೋಗಾಲಯದ ಪ್ರೊಫೆಸರು.

"ಹೋಗುವಾಗಲೂ ಹಠ ನೋಡು," ಎಂದರು ಅವರ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

"ಹಠ ಮಾಡದೆ ಯಾವತ್ತು ಹೊರಟಿದ್ದಾರೆ ಅಕ್ಕಾ?" ಎಂದಳು ಹರಳಮ್ಮ.

ವ್ಯಾನಿನಲ್ಲಿ ಅವಳ ಪಕ್ಕ ಕೂತ ಪ್ರೊಫೆಸರರ ತಮ್ಮ ಮೆಲ್ಲಗೆ ಕೇಳಿದ: "ನಮ್ಮಣ್ಣ ಇಷ್ಟು ವರ್ಷ ಏನು ಹುಡುಕಿದ ಅಂತ ನನ್ನ ತಲೆಗೆ ಹತ್ತಲೇ ಇಲ್ಲಮ್ಮ."

"ಹರಳಿನೊಳಗಿನ ಎಲೆಕ್ಟ್ರಾನಿಗೆ ಸ್ಪಿನ್ ಅಂತ ಒಂದು ಗುಣ. ಪುಟ್ಟ ಅಯಸ್ಕಾಂತ ಅಂದ್ಕೊಳ್ಳಿ. ಅದನ್ನ ಒಂದು ತಾಳಕ್ಕೆ ಹಚ್ಚಬಹುದು. ಆದರೆ ಕಣ್ಣು ಮಿಟುಕಿಸೋದರೊಳಗೆ ತಾಳ ತಪ್ಪತ್ತೆ. ಯಾಕೆ ತಪ್ಪತ್ತೆ ಅನ್ನೋದೇ ಅವರ ಪ್ರಶ್ನೆ."

"ಸಿಕ್ಕಿತಾ?"

ಅವಳು ಕಿಟಕಿಯ ಕಡೆ ತಿರುಗಿದಳು.

*

"ನಿಮ್ಮ ಹರಳಲ್ಲಿ ಕಸ ಇದೆ, ಅದಕ್ಕೇ ತಾಳ ತಪ್ಪೋದು," ಎಂದಿದ್ದರು ಪ್ರೊಫೆಸರು ಹಿಂದೊಮ್ಮೆ, ತುಂಬಿದ ಸಭೆಯಲ್ಲಿ. ಅವಳಿಗೆ ಮುಖ ಎತ್ತಲಾಗಲಿಲ್ಲ. ಅವರೊಡನೆ ಮಾತು ಬಿಟ್ಟಳು, ಕೆಲಸ ಬಿಡಲಿಲ್ಲ; ಕುಲುಮೆಯ ಮುಂದೆ ಜಿದ್ದಿಗೆ ಕೂತು ಮೊದಲಿಗಿಂತ ಶುದ್ಧವಾದ ಹರಳು ಬೆಳೆಸಿದಳು. ತಾಳ ಆಗಲೂ ತಪ್ಪಿತು.

ಒಂದು ಮಧ್ಯಾಹ್ನ ಪ್ರೊಫೆಸರು ಅವಳ ಕೋಣೆಗೆ ಬಂದರು. ಕುರ್ಚಿಯಿದ್ದರೂ ನಿಂತೇ ಇದ್ದರು.

"ಕಸ ಅಲ್ಲಮ್ಮ. ಹರಳಿನ ಸ್ವಂತ ಪರಮಾಣುಗಳೇ. ಕೆಲವಕ್ಕೆ ತಮ್ಮದೇ ಕಾಂತಗುಣ ಇದೆ. ಸುಮ್ಮನಿರಲ್ಲ, ಪಕ್ಕದ ಎಲೆಕ್ಟ್ರಾನನ್ನ ಕೆಣಕ್ತಾವೆ. ಎಷ್ಟು ಶುದ್ಧ ಮಾಡಿದರೂ ಅವು ಅಲ್ಲೇ ಇರ್ತಾವೆ. ಸುಮ್ಮನೆ ತಪ್ಪು ನಿಮ್ಮ ಮೇಲೆ ಹಾಕಿಬಿಟ್ಟೆ."

"ಇಲ್ಲಿ ಹೇಳಿದರೆ ಆಯ್ತಾ ಸಾರ್?"

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಅದೇ ಮಾತನ್ನು, ಒಂದಕ್ಷರ ನುಂಗದೆ, ಹೇಳಿದರು.

ಕಾಂತಗುಣವಿಲ್ಲದ ಪರಮಾಣುಗಳನ್ನೇ ಆರಿಸಿ ಅವಳು ಮತ್ತೆ ಹರಳು ಬೆಳೆಸಿದಳು. ಆ ಸಲ ಪರದೆಯ ಮೇಲೆ ತಾಳ ತೋರಿಸುವ ಅಲೆ ಸಾಗಿಯೇ ಸಾಗಿತು. ಪ್ರೊಫೆಸರು ಮಗುವಿನ ಹಾಗೆ ಅವಳ ತೋಳು ಹಿಡಿದುಕೊಂಡಿದ್ದರು. ಕೊನೆಗೆ ಅದೂ ಸಪಾಟಾಯಿತು.

"ಆಗಲಿ ಬಿಡಿ," ಎಂದರು. "ಇಷ್ಟು ಹೊತ್ತು ಇತ್ತಲ್ಲ."

*

"ಅರ್ಧ ಸಿಕ್ಕಿತು," ಎಂದಳು ಹರಳಮ್ಮ, ಕಿಟಕಿಯಿಂದ ಇತ್ತ ತಿರುಗಿ. "ಉಳಿದರ್ಧ ನಮ್ಮ ಕೊರಳಿಗೆ ಕಟ್ಟಿ ಹೋಗಿದ್ದಾರೆ."

ತಮ್ಮ ನಕ್ಕ, ನಗುತ್ತಲೇ ಅತ್ತುಬಿಟ್ಟ.

ಸ್ಮಶಾನದ ದಾರಿಗೆ ಜಲ್ಲಿ ಹಾಸಿತ್ತು. ಪ್ರಯೋಗಾಲಯದವರೆಲ್ಲ ಪೆಟ್ಟಿಗೆಯ ಹಿಂದೆ ತುದಿಗಾಲಲ್ಲಿ ಬರುತ್ತಿದ್ದರು. ಅಳತೆ ನಡೆಯುವಾಗ ನೆಲ ಅಲುಗಬಾರದೆಂದು ಪ್ರೊಫೆಸರೇ ಕಲಿಸಿದ್ದ ನಡಿಗೆ ಅದು. ಹಾಗೆ ನಡೆಯುತ್ತಿದ್ದೇವೆಂಬ ಅರಿವು ಯಾರಿಗೂ ಇರಲಿಲ್ಲ. ಹೆಂಡತಿ ತಿರುಗಿ ನೋಡಿದರು.

"ಇನ್ನು ಸದ್ದು ಮಾಡ್ಕೊಂಡೇ ನಡೀರಪ್ಪ," ಎಂದರು.

ಹರಳಮ್ಮ ಹಿಮ್ಮಡಿ ಊರಿದಳು. ಜಲ್ಲಿ ಕರಕರ ಎಂದಿತು. ಹಿಂದಿನಿಂದ ಒಬ್ಬರು, ಮತ್ತೊಬ್ಬರು ಹಿಮ್ಮಡಿ ಊರಿದರು.