ಮರ ಅಳೆಯುತ್ತಿದ್ದ ಭೂತಯ್ಯ

"ಹಗ್ಗ ಸಾಲಲ್ಲ" ಎನ್ನುತ್ತ ಗಿಡ್ಡಪ್ಪ ಸೊಂಟ ಹಿಡಿದುಕೊಂಡು ಎದ್ದು ನಿಂತ. ಚಟ್ಟದ ತಲೆಯ ಕಡೆ ಎರಡು ಅಡ್ಡೆಗಳನ್ನು ಬಿಗಿದು ಆಗಿತ್ತು. ಕಾಲ ಕಡೆಯ ಬಿದಿರು ತುಂಡುಗಳು ಇನ್ನೂ ಸಡಿಲವಾಗಿ ಬಿದ್ದಿದ್ದವು. ಬಾಳೂರಿಗೆ ಹೋಗಿ ಹಗ್ಗ ತರಬೇಕೆಂದರೆ ಜೀಪು ಸಿಗಬೇಕು, ಅಷ್ಟರಲ್ಲಿ ಬಿಸಿಲೇರುತ್ತದೆ. ಅವನು ಅಂಗಳದ ಚಾಪೆಯ ಮೇಲೆ ಮಲಗಿದ್ದ ಅಣ್ಣನ ಹೆಣದ ಪಕ್ಕದಿಂದ ಹಾದು ಎಸ್ಟೇಟಿನ ಕೂಲಿಲೈನಿನ ಮನೆಯೊಳಗೆ ನುಗ್ಗಿದ. ಹೊರಗೆ ಬಂದಾಗ ಎರಡು ತೋಳಿನ ತುಂಬ ದಾರದ ಕಂತೆಗಳಿದ್ದವು.

"ಇವತ್ತಾದ್ರೂ ಒಂದು ಉಪಯೋಗಕ್ಕೆ ಬಂತು ನೋಡ್ರೋ!"

ಸಾವಿನ ಮನೆ ಎಂಬುದನ್ನು ಮರೆತು ನಾಲ್ಕು ಜನ ನಕ್ಕರು. ಕಾಫಿ ಮೂಟೆ ಹೊಲಿಯುವ ಸೆಣಬಿನ ದಾರ ಅದು. ಒಂದೊಂದು ದಾರ ಒಂದೊಂದು ಮರದ್ದು. ತುದಿಗೆ ಡಬ್ಬದ ತಗಡಿನ ಚೂರು, ಅದರ ಮೇಲೆ ಮೊಳೆಯಿಂದ ಗೀಚಿದ ಮರದ ಹೆಸರು, ಜಾಗದ ಹೆಸರು. ಇನ್ನೊಂದು ತುದಿಯ ಕಡೆ ಒತ್ತೊತ್ತಾಗಿ ಗಂಟುಗಳು, ವರ್ಷಕ್ಕೊಂದರಂತೆ. ಸತ್ತವನು ಮೂವತ್ತು ವರ್ಷದ ಭಾನುವಾರಗಳನ್ನು ಕಳೆದದ್ದು ಇದರಲ್ಲಿ. ಉಳಿದವರು ಕೋಳಿ ಅಂಕಕ್ಕೋ ಸಾರಾಯಿಗೋ ಹೋಗುತ್ತಿದ್ದಾಗ ಭೂತಯ್ಯ ತೋಟದ ಮರಗಳನ್ನು ತಬ್ಬಿ ದಾರ ಸುತ್ತಿ, ಹೋದ ವರ್ಷಕ್ಕಿಂತ ಎಷ್ಟು ದಪ್ಪಗಾಗಿದೆ ಎಂದು ನೋಡುತ್ತಿದ್ದ. ನೋಡಿ, ಗಂಟು ಹಾಕಿ, ಮನೆಗೆ ಬರುತ್ತಿದ್ದ. ಅಷ್ಟೇ.

"ಅತ್ಗೆ, ತಗೋಬೋದಲ್ವಾ?" ಗಿಡ್ಡಪ್ಪ ಕೇಳಿದ.

ಹೆಣದ ತಲೆಯ ಹತ್ತಿರ ಕೂತಿದ್ದ ದ್ಯಾವಮ್ಮ ಕತ್ತೆತ್ತಲಿಲ್ಲ. "ತಗೋ. ಇವತ್ತಲ್ಲ ನಾಳೆ ಒಲೆಗೆ ಹಾಕ್ಬೇಕು ಅಂತಲೇ ಇದ್ದೆ. ಅವ್ರಿಗೂ ಅದಕ್ಕೂ ಒಟ್ಟಿಗೇ ಬೆಂಕಿ ಬೀಳ್ಲಿ."

"ಅವ್ವಾ, ಅಪ್ಪಂದು ಅದು" ಎಂದಳು ಆಲ್ದೂರಿನಿಂದ ಬಂದಿದ್ದ ಮಗಳು ಪವಿತ್ರಾ.

"ಗೊತ್ತು. ನಿಂಗಿಂತ ಚೆನ್ನಾಗಿ ಗೊತ್ತು."

ಗಂಡಸರು ಮೂರು ಮೂರು ದಾರಗಳನ್ನು ಸೇರಿಸಿ ಹುರಿ ಹೊಸೆದರು. ಕೈಗೆ ಚುಚ್ಚುತ್ತವೆ ಎಂದು ತಗಡುಗಳನ್ನು ಕಿತ್ತು ಚರಂಡಿಗೆ ಎಸೆದರು.

*

ಶುರುವಾಗಿದ್ದು ಒಂದು ಮಾತಿನಿಂದ. ಮರಗಸಿಯ ಕಾಲ, ನೆರಳುಮರಗಳ ರೆಂಬೆ ಸವರುವ ಸಮಯ. ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಆಗಿನ ರೈಟರು ಹೊಳೆಬದಿ ತೋಟದ ದೊಡ್ಡ ಬೀಟೆಮರಕ್ಕೆ ಒರಗಿ ನಿಂತು, ಇಷ್ಟು ವಯಸ್ಸಾದ ಮೇಲೆ ಮರ ಬೆಳೆಯುವುದಿಲ್ಲ, ಸುಮ್ಮನೆ ನಿಂತಿರುತ್ತದೆ ಎಂದಿದ್ದರು.

"ಇಲ್ಲ ರೈಟ್ರೆ, ಬೆಳೀತದೆ" ಎಂದ ಏಣಿಯ ಮೇಲಿದ್ದ ಭೂತಯ್ಯ.

"ನೀನೇನು ಅಳೆದು ನೋಡಿದೀಯೇನೋ?"

ಕೆಳಗಿದ್ದವರೆಲ್ಲ ನಕ್ಕರು. ಭೂತಯ್ಯ ಅಂದು ಸಂಜೆ ಗೋದಾಮಿನಿಂದ ದಾರ ತಂದು ಎದೆಮಟ್ಟಕ್ಕೆ ಸುತ್ತಿ, ತುದಿ ಕೂಡಿದಲ್ಲಿ ಗಂಟು ಹಾಕಿಟ್ಟುಕೊಂಡ. ಮರುವರ್ಷ ಅದೇ ತಿಂಗಳು ಹೋಗಿ ಮತ್ತೆ ಸುತ್ತಿದ. ತುದಿ ಗಂಟನ್ನು ಮುಟ್ಟಲಿಲ್ಲ. ನಡುವೆ ಕಿರುಬೆರಳು ಹಿಡಿಸುವಷ್ಟು ಸಂದಿ. ಅವನು ಮರದ ಬುಡದಲ್ಲಿ ಕೂತು ಒಬ್ಬನೇ ನಕ್ಕ. ತೋರಿಸೋಣವೆಂದರೆ ರೈಟರು ಕೆಲಸ ಬಿಟ್ಟು ಹೋಗಿ ಆರು ತಿಂಗಳಾಗಿತ್ತು.

ಆಮೇಲೆ ಪಕ್ಕದ ಮರ, ಅದರ ಪಕ್ಕದ ಮರ. ಹಲಸು, ಅತ್ತಿ, ನಂದಿ, ಹೊಳೆಬದಿಯ ಒಂಬತ್ತು ಬೀಟೆಗಳು. ಪವಿತ್ರಾಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಭಾನುವಾರವಾಗಿತ್ತು. ಉಪ್ಪಿಟ್ಟು ಆರಿತು, ಕಾಫಿ ಆರಿತು. "ಹುಡುಗಿ ಅಪ್ಪ ಎಲ್ಲಿ?" ಎಂದು ಅವರು ಮೂರನೆಯ ಸಲ ಕೇಳಿದಾಗ ದ್ಯಾವಮ್ಮ, "ಜ್ವರ ಬಂದು ಆಸ್ಪತ್ರೆಗೆ ಹೋಗಿದಾರೆ" ಎಂದು ಸುಳ್ಳು ಹೇಳಿದಳು. ಅಷ್ಟರಲ್ಲೇ ಮೈಯೆಲ್ಲ ಪಾಚಿ ಮೆತ್ತಿಕೊಂಡು, ಕೊರಳಿಗೆ ದಾರದ ಕಂತೆ ಹಾಕಿಕೊಂಡು ಭೂತಯ್ಯ ಬಾಗಿಲಲ್ಲಿ ನಿಂತಿದ್ದ. "ಅತ್ತಿ ಈ ಸಲ ಎರಡು ಬೆರಳು!" ಎಂದಿದ್ದ, ಬಂದವರ ಮುಂದೆಯೇ.

ಆ ಸಂಬಂಧ ಕೂಡಲಿಲ್ಲ. ಒಂದು ತಿಂಗಳು ದ್ಯಾವಮ್ಮ ಅವನಿಗೆ ಮಾತಿಲ್ಲದೆ ಅನ್ನ ಬಡಿಸಿದಳು.

*

ಹತ್ತು ಗಂಟೆಗೆ ಹರ್ಷವರ್ಧನ ಬಂದ. ತೋಟದ ಮಾಲೀಕ ಲೈನಿನ ಸಾವಿಗೆ ಬಂದರೆ ಐದು ನಿಮಿಷ ನಿಲ್ಲುವುದು, ಒಂದು ಟ್ರ್ಯಾಕ್ಟರ್ ಸೌದೆ ಕಳಿಸುವುದು ವಾಡಿಕೆ. ಸೌದೆ ಅವನಿಗಿಂತ ಮೊದಲೇ ಬಂದಿತ್ತು. ಅವನು ಬಿಳಿ ಪಂಚೆಯ ಅಂಚು ಹಿಡಿದು ಚಟ್ಟದ ಹತ್ತಿರ ಬಗ್ಗಿ ನೋಡಿದ.

"ಇದು ಭೂತಯ್ಯನ ದಾರ ಅಲ್ವೇನೋ ಗಿಡ್ಡಪ್ಪ?"

"ಹೌದು ಸಾವ್ಕಾರ್ರೆ. ಹಗ್ಗ ಇರ್ಲಿಲ್ಲ."

"ಎಲ್ಲಾ ಕಟ್ಟಿದ್ರಾ? ಹೊಳೆಬದಿದೂ?"

"ಯಾವ್ದು ಎಲ್ಲಿದೋ, ಯಾರಿಗೆ ಗೊತ್ತು? ಎಲ್ಲಾ ಹುರಿ ಮಾಡಿ ಆಯ್ತು."

ಹರ್ಷವರ್ಧನನ ಮುಖದ ಬಿಗಿ ಸಡಿಲಿತು. "ಒಳ್ಳೇದಾಯ್ತು. ಹುಚ್ಚ ಪಾಪ. ಸರಿ, ತಡ ಮಾಡ್ಬೇಡಿ, ಬೇಗ ಎತ್ತಿ" ಎಂದ. ಐದು ನಿಮಿಷ ಕಳೆದರೂ ಅವನು ಹೊರಡಲಿಲ್ಲ. ಅವನು ಹೆಣದ ಜೊತೆ ಹೊಳೆದಂಡೆಯ ಸುಡುಗಾಡಿನವರೆಗೂ ಬರುತ್ತಾನೆಂದು ತಿಳಿದು ಜನ ಬೆರಗಾದರು. ಒಬ್ಬಿಬ್ಬರು ಕೈಮುಗಿದರು.

ಹೆಣವನ್ನು ಚಟ್ಟಕ್ಕೆ ಏರಿಸುತ್ತಿದ್ದಾಗ ಇನ್ನೊಂದು ಕಾರು ಬಂತು. ಹರ್ಷವರ್ಧನನ ಅಕ್ಕ ಅರುಣಾ ಇಳಿದಳು. ಅಪ್ಪ ತೀರಿಕೊಂಡ ಮೇಲೆ ಹೊಳೆಬದಿ ತೋಟ ಅವಳ ಪಾಲಿಗೆ ಹೋಗಬೇಕೆಂದು ಮಾತಾಗಿತ್ತು. ಪತ್ರವಾಗುವ ಮೊದಲೇ ತಮ್ಮ ಅಲ್ಲಿನ ಬೀಟೆಗಳನ್ನು ಉರುಳಿಸಿ, ಜೆಸಿಬಿ ತರಿಸಿ ಬುಡ ಕೀಳಿಸಿ, ಮೇಲೆ ಕಾಫಿ ಸಸಿ ಹಾಕಿಸಿದ್ದ. ಈಗ ಕೋರ್ಟಿನಲ್ಲಿ, ಅಲ್ಲಿ ಬೀಟೆಮರವೇ ಇರಲಿಲ್ಲ ಎನ್ನುತ್ತಿದ್ದ. ಇದು ಲೈನಿನಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಡದ ವಿಷಯ.

ಅರುಣಾ ಹೆಣದ ಕಡೆ ಕೈಮುಗಿದು, ಕೈ ಇಳಿಸುವ ಮೊದಲೇ ಪವಿತ್ರಾಳ ಪಕ್ಕ ಬಂದಳು. "ನಿಮ್ಮಪ್ಪನ ಹತ್ರ ದಾರ ಇತ್ತಲ್ಲ, ಹೊಳೆಬದಿ ಬೀಟೆದು. ತಗಡಿನ ಮೇಲೆ ಬರೆದಿದ್ದು. ಲಾಯರ್ರು ಏನಿದ್ರೂ ತನ್ನಿ ಅಂದಿದಾರೆ. ಎಲ್ಲಿದೆ?"

ಪವಿತ್ರಾ ಚಟ್ಟದ ಕಡೆ ನೋಡಿದಳು.

"ಅಯ್ಯೋ, ಬಿಚ್ಚಿಸಿ! ಬೇರೆ ಹಗ್ಗ ನಾನು ತರಿಸ್ತೀನಿ. ಹತ್ತು ನಿಮಿಷ."

"ಹೆಣ ಏರಿಸಿದ ಚಟ್ಟ ಬಿಚ್ಚೋದಾ?" ಗಿಡ್ಡಪ್ಪ ಬೆಚ್ಚಿದ. "ಬೇಡ್ರಮ್ಮಾ."

"ಬಿಚ್ಚಬಾರ್ದು" ಎಂದ ಹರ್ಷವರ್ಧನ, ಇಷ್ಟು ದಿನ ಶಾಸ್ತ್ರವನ್ನೇ ನಂಬಿ ಬದುಕಿದವನಂತೆ. "ಅಕ್ಕಾ, ಸ್ವಲ್ಪ ಮರ್ಯಾದೆ ಇರ್ಲಿ. ಸಾವಿನ ಮನೆ ಇದು."

"ನೀನು ಮರ್ಯಾದೆ ಮಾತಾಡ್ಬೇಡ. ದ್ಯಾವಮ್ಮ, ನೀನು ಹೇಳು. ನಿನ್ನ ಗಂಡ ಎಷ್ಟು ಆಸೆಯಿಂದ ಮಾಡಿಟ್ಟಿದ್ದು ಇದು. ಸುಡೋಕೆ ಮನಸ್ಸು ಬರುತ್ತಾ ನಿಂಗೆ?"

ದ್ಯಾವಮ್ಮ ಮೊದಲ ಸಲ ಕತ್ತೆತ್ತಿ ಅವಳನ್ನು ನೋಡಿದಳು.

*

ಎರಡು ವರ್ಷದ ಹಿಂದೆ, ಮರಗಳು ಉರುಳಿದ ವಾರವೇ, ಭೂತಯ್ಯ ಒಂಬತ್ತು ದಾರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಳಸದ ದಾರಿಯಲ್ಲಿದ್ದ ಅರುಣಾಳ ಮನೆಗೆ ಹೋಗಿದ್ದ. ಒಬ್ಬನೇ ಹೋದರೆ ದಾರಿಯ ಮರಗಳ ಹತ್ತಿರ ಕೂತುಬಿಡುತ್ತಾನೆಂದು ದ್ಯಾವಮ್ಮನೂ ಜೊತೆಗೆ ಹೋದಳು. ಮನೆ ಹೋಂಸ್ಟೇ ಆಗಿತ್ತು. ಕಾಫಿ ಒಣಗಿಸುವ ಕಣದಲ್ಲಿ ಇವರನ್ನು ಕಾಯಿಸಿ, ಪೇಪರ್ ಲೋಟದಲ್ಲಿ ಕಾಫಿ ಕೊಟ್ಟರು. ಉಳಿದುಕೊಂಡಿದ್ದವರೊಬ್ಬರು ದಾರ ಏನೆಂದು ಕೇಳಿದರು. ಭೂತಯ್ಯ ಹೇಳಿದ. ಅವರು ನಗುತ್ತ ಫೋನು ತೆಗೆದು, "ಇನ್ನೊಂದ್ಸಲ ಹೇಳಿ, ಆ ಕಂಬನ ತಬ್ಕೊಂಡು ತೋರ್ಸಿ" ಎಂದರು. ಅವನು ಕಂಬವನ್ನು ತಬ್ಬಿ ತೋರಿಸಿದ.

ಅರುಣಾ ಹೊರಗೆ ಬಂದವಳು ಅದನ್ನು ನೋಡಿ ತಾನೂ ನಕ್ಕಳು.

"ಅಮ್ಮಾವ್ರೆ, ನಿಮ್ಮ ಪಾಲಿನ ಬೀಟೆ ಕಡಿದ್ರು. ಒಂಬತ್ತೂ ಹೋಯ್ತು. ಬುಡ ಇನ್ನೂ ಇದೆ, ಈಗ ಬಂದ್ರೆ ಅಳತೆ ಕೂಡಿಸಿ ತೋರಿಸ್ತೀನಿ."

"ದಾರ ಹಿಡ್ಕೊಂಡು ಕೋರ್ಟಿಗೆ ಹೋಗ್ಲಾ ಭೂತಯ್ಯ? ಹರ್ಷ ಹಂಗೆಲ್ಲ ಮಾಡಲ್ಲ. ಹೋಗು, ಊಟ ಮಾಡ್ಕೊಂಡು ಹೋಗು."

ಊಟ ಮಾಡದೆ ಬಂದರು.  ದಾರಿಯುದ್ದಕ್ಕೂ ದ್ಯಾವಮ್ಮ ಬೈದಳು. "ನಿನ್ನ ಅಪ್ಪನ ಮರನಾ ಅದು? ಇನ್ನೊಬ್ಬರ ಮರಕ್ಕೆ ದಾರ ಸುತ್ತಿ ಮಂಗ ಆದೆಯಲ್ಲ" ಎಂದಿದ್ದಳು. ಅವನು ಬಟ್ಟೆಯ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಅಷ್ಟೇ.

*

"ಅವತ್ತು ಬಿಚ್ಚಿ ತೋರಿಸ್ತೀನಿ ಅಂತ ನಿಮ್ಮ ಕಣದಲ್ಲಿ ನಿಂತಿದ್ರು" ಎಂದಳು ದ್ಯಾವಮ್ಮ. "ಅವತ್ತು ನೀವು ಕೋತಿ ಕುಣಿಸಿದಂಗೆ ಕುಣಿಸಿದ್ರಿ. ಈಗ ಅವ್ರ ಮೈಮೇಲಿಂದ ಬಿಚ್ಕೋಬೇಕಾ? ನಾನೂ ಬೈದಿದೀನಮ್ಮಾ, ಇಲ್ಲ ಅನ್ನಲ್ಲ. ನಂಗೆ ಬೈಯೋ ಹಕ್ಕಿತ್ತು, ಬಡಿಸಿದ್ದು ನಾನು. ಎತ್ರೋ ಚಟ್ಟಾನ."

"ಸರಿಯಾಗಿ ಹೇಳ್ದೆ ದ್ಯಾವಮ್ಮ" ಎಂದ ಹರ್ಷವರ್ಧನ.

ಅವಳು ಅವನತ್ತ ತಿರುಗಿ, ಅಂಗಳಕ್ಕೆ ಬಂದ ಹಂದಿಯನ್ನು ನೋಡುವಂತೆ ನೋಡಿದಳು. "ನಿಮ್ಮ ಸರ್ಟಿಫಿಕೇಟು ಬೇಡ ಸಾವ್ಕಾರ್ರೆ."

ಗಿಡ್ಡಪ್ಪ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹಿಂದೆ ಚಟ್ಟ, ಅದರ ಹಿಂದೆ ಹೆಂಗಸರು. ಅಕ್ಕ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದವರಂತೆ ಜೊತೆಜೊತೆಗೆ ಬಂದರು. ಸುಡುಗಾಡಿಗೆ ದಾರಿ ಹೊಳೆಬದಿ ತೋಟದ ನಡುವೆಯೇ. ಶಾಸ್ತ್ರದಂತೆ ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ದಿಕ್ಕು ತಿರುಗಿಸಬೇಕು, ಹೆಂಗಸರು ಅಲ್ಲಿಂದ ಹಿಂದಕ್ಕೆ ಹೋಗಬೇಕು. ಕಾಫಿ ಸಸಿಗಳ ಮಧ್ಯೆ ಬಯಲಾಗಿದ್ದ ಜಾಗದಲ್ಲಿ ಇಳಿಸಿದರು. ಹಿಂದಿನ ದಿನ ಸ್ಪ್ರಿಂಕ್ಲರ್ ಓಡಿಸಿದ್ದರಿಂದ ನೆಲ ಹಸಿಯಾಗಿತ್ತು.

ದ್ಯಾವಮ್ಮ ಕೊನೆಯ ಸಲ ಮುಖ ನೋಡಲು ಮಂಡಿಯೂರಿದಳು. ಅತ್ತಳು. ಏಳುವಾಗ ಊರಿದ ಕೈಗೆ ಒಂದು ಗಿಡ ಸಿಕ್ಕಿತು. ದುಂಡಗಿನ ಪುಟ್ಟ ಎಲೆಗಳು. ಪಕ್ಕದಲ್ಲಿ ಇನ್ನೊಂದು. ಕಾಫಿ ಸಸಿಗಳ ಬುಡದಲ್ಲೆಲ್ಲ ಅಲ್ಲಲ್ಲಿ ಗುಂಪು ಗುಂಪಾಗಿ ಅದೇ ಎಲೆ.

"ಎಂತ ಗಿಡ ಇದು ಗಿಡ್ಡಪ್ಪ?"

"ಬೀಟೆ ಚಿಗುರು ಅತ್ಗೆ. ಬುಡ ಕಿತ್ತರೂ ಬೇರಿಂದ ಎದ್ದು ಬರ್ತದೆ. ಮೂರು ಸಲ ಕತ್ತಿ ಹಾಕಿಸಿದಾರೆ, ಸಾಯಲ್ಲ ಮಾರಾಯ್ತಿ—" ಎಂದವನು ಹರ್ಷವರ್ಧನನನ್ನು ಕಂಡು ಅಲ್ಲಿಗೇ ನಿಲ್ಲಿಸಿದ.



"ಬೀಟೆನೇ ಇರ್ಲಿಲ್ವಂತಲ್ಲ ಇಲ್ಲಿ" ಎಂದಳು ದ್ಯಾವಮ್ಮ.

ಅರುಣಾ ಆಗಲೇ ಫೋನು ತೆಗೆದಿದ್ದಳು. ಒಂದು ಹೆಜ್ಜೆ ಹಿಂದೆ ಸರಿದು, ಎಡಕ್ಕೆ ಸರಿದು, "ಚಟ್ಟ ಅಡ್ಡ ಬರ್ತಿದೆ. ಒಂಚೂರು ಆಚೆ ಇಡ್ತೀರಾ?" ಎಂದಳು. ಹೊತ್ತವರು ದ್ಯಾವಮ್ಮನ ಮುಖ ನೋಡಿದರು. ಅವಳು ಕಾಲಿನ ಕಡೆಯ ಬಿದಿರಿನ ಮೇಲೆ ಕೈಯಿಟ್ಟು ಅಲ್ಲೇ ಕೂತಳು. ಚಟ್ಟ ಅಲುಗಲಿಲ್ಲ.

"ಎಂತ ಬೀಟೆ? ಕಾಡುಕಳೆ ಇದು" ಎಂದು ಹರ್ಷವರ್ಧನ ಮುಂದೆ ಬಂದು, ಬಗ್ಗಿ, ಎರಡು ಬೆರಳಿನಲ್ಲಿ ಒಂದು ಚಿಗುರನ್ನು ಹಿಡಿದು ಎಳೆದ. ಬರಲಿಲ್ಲ. ಮುಷ್ಟಿ ಕಟ್ಟಿ ಎಳೆದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಕಾಲು ಅಗಲಿಸಿ ನಿಂತು, ಎರಡೂ ಕೈಯಿಂದ ಜಗ್ಗಿದ. ಒದ್ದೆ ಮಣ್ಣು ಬಿರಿಯಿತು. ಹೆಬ್ಬೆರಳು ದಪ್ಪದ ಬೇರೊಂದು ನೆಲ ಸೀಳಿಕೊಂಡು ಮೇಲೆದ್ದಿತು, ಮೊಳ, ಎರಡು ಮೊಳ, ಒಂದು ಮಾರು. ಸಾಲಿನ ಕಾಫಿ ಸಸಿಗಳು ಒಂದೊಂದಾಗಿ ಮಗ್ಗುಲಿಗೆ ವಾಲಿದವು. ಅವನು ಮುಖ ಕೆಂಪಗೆ ಮಾಡಿಕೊಂಡು ಇನ್ನೂ ಜಗ್ಗುತ್ತಲೇ ಇದ್ದ. ಬೇರು ಅವನ ಕೈಯಿಂದ ಬಿಗಿಯಾಗಿ ಹೊರಟು, ಜನರ ಕಾಲುಗಳ ನಡುವೆ ಹಾದು, ಚಟ್ಟದ ಅಡಿಗೆ ಹೋಗಿ ಮಣ್ಣು ಹೊಕ್ಕಿತ್ತು.